ಊತದ ಮಾತ್ರೆ

ಅತ್ತೆ ದಾರ ಸುತ್ತಿಡುತ್ತಿದ್ದದ್ದು ಖಾಲಿ ಮಾತ್ರೆ ಶೀಟಿಗೆ. ಹಾಸಿಗೆ ಹೊಲಿಯುವ ದಾರ ದಪ್ಪ. ಉಂಡೆ ಮಾಡಿಟ್ಟರೆ ಸಿಕ್ಕು ಬೀಳುತ್ತದೆ, ರೀಲಿಗೆ ಸುತ್ತಿದರೆ ಉರುಳಿಕೊಂಡು ಹೋಗಿ ಹತ್ತಿಯ ರಾಶಿಯಲ್ಲಿ ಮಾಯವಾಗುತ್ತದೆ. ಮಾತ್ರೆ ಶೀಟಾದರೆ ಚಪ್ಪಟೆ, ಅಂಚು ತರಿತರಿ, ಸುತ್ತಿದ್ದು ಜಾರುವುದಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಹಾಸಿಗೆ ಅಂಗಡಿ. ಅಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆಗೆದರೆ ಬಿಳಿ, ಕಂದು, ನೀಲಿ ದಾರ ಸುತ್ತಿದ ಶೀಟುಗಳು ಒತ್ತೊತ್ತಾಗಿ ಕೂತಿರುತ್ತಿದ್ದವು. ಅವುಗಳಲ್ಲಿದ್ದ ನೋವಿನ ಮಾತ್ರೆಗಳೆಲ್ಲ ಅತ್ತೆಯ ಹೊಟ್ಟೆ ಸೇರಿದ್ದವು.

ಊರವರಿಗೆಲ್ಲ ಮೆತ್ತನೆಯ ಹಾಸಿಗೆ ಮಾಡಿಕೊಟ್ಟ ಹೆಂಗಸು ತಾನು ಮಾತ್ರ ಮದುವೆಯಾಗಿ ಬಂದಾಗಿನಿಂದ ಬರಿನೆಲದ ಮೇಲೆ ಮಂಡಿ ಮಡಚಿ ಕೂತೇ ಆಯುಷ್ಯ ಸವೆಸಿದರೆ ಮಂಡಿ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಒಂದು ನುಂಗಿದರೆ ಮಧ್ಯಾಹ್ನದ ತನಕ ದಬ್ಬಣ ಓಡುತ್ತಿತ್ತು. ಊಟವಾದ ಮೇಲೆ ಇನ್ನೊಂದು ನುಂಗಿದರೆ ದೀಪ ಹಚ್ಚುವ ತನಕ. ಗಾಡಿಗೆ ಎಣ್ಣೆ ಹಾಕದೆ ಓಡು ಅಂದರೆ ಓಡುತ್ತದೆಯೇ ಎಂದು ತಾವೇ ನಗುತ್ತಿದ್ದರು. ಹೀಗೆ ನಗುನಗುತ್ತಲೇ ಒಂದು ಬೆಳಿಗ್ಗೆ ಹತ್ತಿ ಹಿಂಜುತ್ತಿದ್ದವರು ತಲೆ ಸುತ್ತಿ ಆ ಹತ್ತಿಯ ಮೇಲೇ ಬಿದ್ದರು. ಬಿದ್ದದ್ದು ಮೆತ್ತಗಿನ ಜಾಗದಲ್ಲಿ, ಪುಣ್ಯ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು.

"ನೋವಿನ ಮಾತ್ರೆ ತಿಂದೂ ತಿಂದೂ ಕಿಡ್ನಿ ಸೋತಿದೆ. ಇನ್ನು ನೋವಿನ ಮಾತ್ರೆ ಮುಟ್ಟಬೇಡಿ. ಮುಟ್ಟದೆ ಇದ್ದರೆ ತಾನಾಗೇ ಒಂದಷ್ಟು ಚೇತರಿಸಿಕೊಳ್ಳುತ್ತೆ. ಮುಟ್ಟಿದರೆ ರಕ್ತ ತೊಳೆಯೋ ಮೆಷಿನ್ನಿಗೆ ಹಾಕಬೇಕಾಗುತ್ತೆ."

ಉಪ್ಪು ಕಡಿಮೆ ಮಾಡಬೇಕು, ನೀರು ಅಳತೆಯಲ್ಲಿ ಕುಡಿಯಬೇಕು, ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು ಎಂದೂ ಹೇಳಿದರು. ಅತ್ತೆಯ ಕಿವಿಗೆ ಬಿದ್ದದ್ದು ಮೆಷಿನ್ ಎನ್ನುವ ಒಂದೇ ಮಾತು. ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯವನ ಹೆಂಡತಿಯನ್ನು ಮೆಷಿನ್ನಿಗೆ ಹಾಕಿದ್ದರು. ಪ್ರತಿ ಸಲ ಅಲ್ಲಿಂದ ಬಂದಾಗ ಅವಳು ಹಿಂಡಿದ ಬಟ್ಟೆಯ ಹಾಗೆ ಆಟೋದಿಂದ ಇಳಿಯುವುದನ್ನು ಅತ್ತೆ ಕಣ್ಣಾರೆ ಕಂಡಿದ್ದರು. ಮನೆಗೆ ಬಂದವರೇ ಉಳಿದಿದ್ದ ನೋವಿನ ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ಬಚ್ಚಲಿಗೆ ಹಾಕಿ ನೀರು ಸುರಿದರು. ಖಾಲಿ ಶೀಟು ಮಾತ್ರ ಎಸೆಯಲಿಲ್ಲ, ದಾರಕ್ಕೆ ಬೇಕಲ್ಲ.

ಈ ಮನೆಯ ಸೊಸೆ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದಳು. ಡಬ್ಬಿಗಳಿಗೆ, ಬಾಟಲಿಗಳಿಗೆ ಅಂಟಿಸುವ ಲೇಬಲ್ ಅಚ್ಚಾಗುವ ಜಾಗ. ಅಚ್ಚಾದದ್ದನ್ನು ಮೂಲದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು ಅವಳ ಕೆಲಸ. ದೊಡ್ಡ ಅಕ್ಷರದಲ್ಲಿ ತಪ್ಪಾದರೆ ಕುರುಡನಿಗೂ ಕಾಣುತ್ತೆ, ಸಂಬಳ ಕೊಡೋದು ಸಣ್ಣ ಅಕ್ಷರ ನೋಡೋಕೆ ಎಂದು ಅಲ್ಲಿನ ಮಾಲೀಕ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅಲ್ಲಿ ರಟ್ಟು ಕತ್ತರಿಸುವ ಹೆಂಗಸೊಬ್ಬಳು, ತನ್ನ ಸೋದರಮಾವನಿಗೂ ಹೀಗೇ ಆಗಿತ್ತೆಂದೂ, ಪಾಲಕ್ ಮತ್ತು ಕೊತ್ತಂಬರಿ ಸೊಪ್ಪಿನ ರಸ ಬರಿಹೊಟ್ಟೆಯಲ್ಲಿ ಕುಡಿದು ಕಿಡ್ನಿ ಕನ್ನಡಿಯ ಹಾಗಾಯಿತೆಂದೂ ಹೇಳಿದಳು. ಮೊಬೈಲಿನಲ್ಲಿ ಹುಡುಕಿದರೆ ಅಲ್ಲೂ ಹತ್ತಾರು ಜನ ಹಸಿರು ಲೋಟ ಹಿಡಿದು ನಗುತ್ತ ನಿಂತಿದ್ದರು. ಸೊಪ್ಪು ತಾನೇ, ತಿಂದರೆ ಏನಾಗುತ್ತದೆ? ಮದ್ದೆಂದರೆ ಅಡ್ಡಪರಿಣಾಮ, ಸೊಪ್ಪೆಂದರೆ ನಿಸರ್ಗ. ಲೇಬಲ್‌ಗಳ ಮೇಲೆ ದಿನವಿಡೀ ‘ನೈಸರ್ಗಿಕ’ ಎನ್ನುವ ಪದದ ಒತ್ತಕ್ಷರ ಸರಿಯಿದೆಯೇ ಎಂದು ನೋಡುವವಳು, ಆ ಪದವೇ ಸರಿಯಿದೆಯೇ ಎಂದು ನೋಡಲಿಲ್ಲ.

ಮಾರನೆಯ ಬೆಳಿಗ್ಗೆಯಿಂದಲೇ ರಸ ಶುರುವಾಯಿತು. ಪಾಲಕ್, ಕೊತ್ತಂಬರಿ, ಜೊತೆಗೆ ರುಚಿಗೆಂದು ಟೊಮ್ಯಾಟೊ. ಅತ್ತೆ ಮೊದಲ ಗುಟುಕಿಗೇ ಮುಖ ಕಿವುಚಿದರು.

"ಏನೇ ಇದು, ಎಮ್ಮೆಗೆ ಇಡೋ ಕಲಗಚ್ಚು ಇದ್ದ ಹಾಗಿದೆ."

"ಎಮ್ಮೆಗೆ ಎಲ್ಲಾದರೂ ಕಿಡ್ನಿ ಕಾಯಿಲೆ ಬಂದದ್ದು ಕೇಳಿದ್ದೀರಾ? ಕುಡೀರಿ ಅತ್ತೆ."

ಅತ್ತೆ ನಕ್ಕು, ಮೂಗು ಮುಚ್ಚಿಕೊಂಡು ಕುಡಿದರು. ಇಬ್ಬರ ನಡುವೆ ಮೊದಲೆಲ್ಲ ಇಷ್ಟು ಸಲಿಗೆ ಇರಲಿಲ್ಲ. ಸೊಸೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ಸಂಜೆಗೆ. ಮನೆಗೆಲಸದಲ್ಲಿ ಯಾರ ಪಾಲು ಎಷ್ಟು ಎಂದು ಬಾಯಿಬಿಟ್ಟು ಹೇಳದ ಜಗಳವೊಂದು ಇಬ್ಬರ ನಡುವೆ ವರ್ಷಗಟ್ಟಲೆ ಹೊಗೆಯಾಡುತ್ತಲೇ ಇತ್ತು. ಈಗ ಸೊಪ್ಪು ಬಿಡಿಸುವಾಗ ಅತ್ತೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಸೊಸೆಗೆ ಅದು ಹಿತವಾಗಿತ್ತು.

ಇನ್ನು ಮಾವ. ಬಸ್ ಕಂಡಕ್ಟರಾಗಿದ್ದು ನಿವೃತ್ತಿಯಾದವರು. ಕೆಲಸ ಬಿಟ್ಟರೂ ಅದರ ಭಾಷೆ ಅವರನ್ನು ಬಿಟ್ಟಿರಲಿಲ್ಲ. ಊಟಕ್ಕೆ ಕರೆದರೆ ‘ರೈಟ್’ ಎಂದು ಏಳುವರು, ಬಡಿಸಿದ್ದು ಸಾಕಾದರೆ ‘ಹೋಲ್ಡಾನ್’ ಎಂದು ಕೈ ಅಡ್ಡ ಹಿಡಿಯುವರು. ಮನೆಯಲ್ಲಿ ಹುಲ್ಲುಕಡ್ಡಿ ಎತ್ತಿ ಆಚೆಗಿಟ್ಟವರಲ್ಲ. ಕುಡಿದ ಲೋಟ ಕೂತಲ್ಲೇ ಬಿಟ್ಟು ಏಳುತ್ತಿದ್ದರು. ಅದನ್ನು ಎತ್ತುವವರು ಯಾರು ಎನ್ನುವ ಪ್ರಶ್ನೆ ಅವರಿಗೆ ಯಾವತ್ತೂ ಹುಟ್ಟಿರಲಿಲ್ಲ.

ಅಂಥ ಮಾವ, ಹೆಂಡತಿ ಹತ್ತಿಯ ಮೇಲೆ ಬಿದ್ದದ್ದನ್ನು ಕಂಡ ಮೇಲೆ ಬದಲಾದರು. ಆಕೆಯ ಕಾಲು ಊದಿಕೊಂಡು, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಒಂದು ದಿನ ತಾವೇ ಬೀದಿ ಮೂಲೆಯ ಮೆಡಿಕಲ್ ಅಂಗಡಿಗೆ ಹೋಗಿ, ಕೈಯಲ್ಲಿ ಕಾಗದದ ಪೊಟ್ಟಣ ಹಿಡಿದು ಬಂದರು.

"ಕಾಲು ಊದಿದೆ ಅಂದೆ. ನೋವಿನ ಮಾತ್ರೆ ಬೇಡಪ್ಪಾ, ಡಾಕ್ಟರು ಬಿಡಿಸಿದ್ದಾರೆ, ಊತಕ್ಕೆ ಅಂತ ಏನಿದೆ ಅದು ಕೊಡು ಅಂದೆ. ಅಲ್ಲಿದ್ದವನು ಕೊಟ್ಟ. ಇದು ಊತದ ಮಾತ್ರೆಯಂತೆ."

ಡಾಕ್ಟರನ್ನು ಒಂದು ಮಾತು ಕೇಳಬೇಕಿತ್ತೇನೋ ಎಂದು ಸೊಸೆ ಅಂದಳು. ಊತ ಇಳಿಸೋದಕ್ಕೂ ಅವರ ಅಪ್ಪಣೆ ಬೇಕಾ ಎಂದರು ಮಾವ. ತಾನು ಸೊಪ್ಪು ಅರೆಯುವಾಗ ಯಾರನ್ನು ಕೇಳಿದ್ದಳು?

ಅಂದಿನಿಂದ ರಾತ್ರಿಯ ಊಟವಾದ ಮೇಲೆ ಮಾವ ಅಡುಗೆಮನೆಗೆ ಹೋಗುವುದು ರೂಢಿಯಾಯಿತು. ಮೊದಲ ದಿನ ಲೋಟ ಎಲ್ಲಿದೆ ಎಂದು ಕೇಳಿದರು, ತಮ್ಮದೇ ಮನೆಯಲ್ಲಿ! ಒಲೆ ಹಚ್ಚಲು ಮೂರು ಕಡ್ಡಿ ಗೀರಿದರು. ನೀರು ಬಿಸಿ ಮಾಡಿ, ಎರಡು ಲೋಟಗಳ ನಡುವೆ ಹೊಯ್ದು ಆರಿಸಿ, ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಹೆಂಡತಿಯ ಮುಂದೆ ನಿಲ್ಲುತ್ತಿದ್ದರು. ಅತ್ತೆಗೆ ನಾಚಿಕೆ. ಅಯ್ಯೋ ನಾನೇ ತಗೊಳ್ತಿದ್ದೆ ಎನ್ನುವರು. ಅಂದರೂ, ಮಾವ ಬರುವ ಹೊತ್ತಿಗೆ ಸೆರಗು ಸರಿ ಮಾಡಿಕೊಂಡು ಕಾಯುತ್ತ ಕೂತಿರುವರು. ಆಕೆ ನುಂಗಿದ ಮೇಲೆ ಮಾವ "ರೈಟ್" ಎಂದು ಲೋಟ ಈಸಿಕೊಂಡು ಹೋಗಿ ತೊಳೆದು ಕವುಚಿಡುತ್ತಿದ್ದರು.

ಕೆಲವೇ ದಿನದಲ್ಲಿ ಮಂಡಿ ನೋವು ಕಡಿಮೆಯಾಯಿತು. ಅತ್ತೆಗೇ ಆಶ್ಚರ್ಯ. ನೋವಿನ ಮಾತ್ರೆ ಬಿಟ್ಟರೂ ನೋವಿಲ್ಲ ಅಂದರೆ ಇದು ಸೊಪ್ಪಿನ ಮಹಿಮೆಯೇ ಸರಿ ಎಂದರು. ಬಂದ ಗಿರಾಕಿಗಳಿಗೆಲ್ಲ, ದಿಂಬಿಗೆ ಹತ್ತಿ ತುಂಬುತ್ತಲೇ, ನಮ್ಮ ಸೊಸೆಯ ಕೈಗುಣ ನೋಡಿ ಎಂದು ಹೊಗಳಿದರು. ಸೊಸೆಗೆ ಕಾಲು ನೆಲದ ಮೇಲಿರಲಿಲ್ಲ. ಮುದ್ರಣಾಲಯದಲ್ಲಿ ಕಂಡಕಂಡವರಿಗೆ ರಸದ ಅಳತೆ ಹೇಳಿಕೊಟ್ಟಳು.

ಜಗಳವಾಗುತ್ತಿದ್ದದ್ದು ಊಟಕ್ಕೆ ಮಾತ್ರ. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ, ಉಪ್ಪು ಕಡಿಮೆ ಹಾಕಿ ಮಾಡುತ್ತಿದ್ದಳು ಸೊಸೆ. ಅವಳ ಗಂಡ ದಿನವಿಡೀ ಹಾಸಿಗೆ ಹೊತ್ತು ಗಾಡಿಗೆ ಏರಿಸಿ ಇಳಿಸಿ ಬಂದವನು ತಟ್ಟೆ ನೋಡಿ ನಿಟ್ಟುಸಿರು ಬಿಡುವನು. ಭಾನುವಾರ ಊಟಕ್ಕೆ ಬಂದ ನಾದಿನಿಯಂತೂ ಬಿಡಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತು ಸ್ವಲ್ಪ ಹರಿತ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ನಮ್ಮ ಅತ್ತಿಗೆ ಉಪ್ಪಂತೂ ತೆಗೆದಾಯ್ತು."

ಎಲ್ಲರೂ ನಕ್ಕರು, ಸೊಸೆಯೂ ನಕ್ಕಳು. ಮೊಸರಿನ ಬಟ್ಟಲು ಅವಳ ಕಡೆ ಸರಿಸಿದಳು. ನಾದಿನಿ ಹೇಳದೆ ಬಿಟ್ಟ ತಾಯಿಯ ಅರ್ಧ ಆಮೇಲೆ ಸೊಸೆಯನ್ನು ಬಹಳ ದಿನ ಚುಚ್ಚಿತು.

ಎರಡನೆಯ ಸಲ ರಕ್ತ ಕೊಟ್ಟು ಬಂದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ಒಳಗೆ ಕರೆದರು. ಕಿಡ್ನಿಯ ಅಂಕಿ ಇಳಿದಿರಲಿಲ್ಲ, ಏರಿತ್ತು. ಇನ್ನೊಂದು ಸಲ ಹೀಗೇ ಏರಿದರೆ ಮೆಷಿನ್ನಿನ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ ಎಂದರು. ಅತ್ತೆಯ ಕೈ ತನ್ನಷ್ಟಕ್ಕೆ ಹೋಗಿ ಮಾವನ ಅಂಗಿಯ ತುದಿ ಹಿಡಿದುಕೊಂಡಿತು.

"ನೋವಿನ ಮಾತ್ರೆ ತಗೊಂಡ್ರಾ?"

"ದೇವರಾಣೆ ಇಲ್ಲ. ಒಂದೂ ಮುಟ್ಟಿಲ್ಲ."

ಅತ್ತೆ ಹೇಳಿದ್ದು ಸುಳ್ಳಲ್ಲ. ಆ ಮನೆಯಲ್ಲಿ ನೋವಿನ ಮಾತ್ರೆಯೆಂಬುದು ಬಚ್ಚಲು ಸೇರಿ ವಾರಗಳಾಗಿದ್ದವು.

"ಮತ್ತೇನು ಕೊಡ್ತಿದ್ದೀರಿ?"

ಸೊಸೆ ಬಾಯಿ ತೆರೆಯುವುದರೊಳಗೆ ಜೊತೆಗೆ ಬಂದಿದ್ದ ನಾದಿನಿ ರಸದ ಕಥೆಯನ್ನು ಎಲೆ ಎಲೆಯಾಗಿ ಬಿಡಿಸಿಟ್ಟಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಪಾಲಕ್, ಟೊಮ್ಯಾಟೊಗಳಲ್ಲಿ ಪೊಟ್ಯಾಸಿಯಂ ಎನ್ನುವುದೊಂದು ಬಹಳ ಇರುತ್ತದೆ, ಗಟ್ಟಿ ಕಿಡ್ನಿಯಾದರೆ ಹೊರಗೆ ಹಾಕುತ್ತದೆ, ಸೋತ ಕಿಡ್ನಿಗೆ ಆಗುವುದಿಲ್ಲ, ಏರಿದರೆ ಎದೆಬಡಿತವೇ ತಪ್ಪುತ್ತದೆ ಎಂದು ವಿವರಿಸಿದರು. ಈಗಾಗಲೇ ಏರಿದೆ, ಇವತ್ತೇ ನಿಲ್ಲಿಸಿ, ಅದನ್ನು ಇಳಿಸಲು ಒಂದು ಪುಡಿ ಬರೆದುಕೊಡುತ್ತೇನೆ ಎಂದರು. ಕಳ್ಳ ಸಿಕ್ಕಿದ್ದ. ಒಬ್ಬ ಕಳ್ಳ ಸಿಕ್ಕ ಮೇಲೆ ಎರಡನೆಯವನನ್ನು ಯಾರು ಹುಡುಕುತ್ತಾರೆ? ಮಾವ ಬಾಗಿಲ ಬಳಿ ನಿಂತು, ಸೊಸೆ ಇಂಥ ಕೆಲಸ ಮಾಡಿದಳಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದರು.

ಮನೆಗೆ ಬಂದ ಮೇಲೆ ನಾದಿನಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಓದಿದವರು ನೀವು. ನಮ್ಮಮ್ಮನ ಮೇಲೆ ಪ್ರಯೋಗ ಮಾಡೋಕೆ ಹೇಳಿದ್ದು ಯಾರು?"

"ಒಳ್ಳೇದಾಗಲಿ ಅಂತ ಮಾಡಿದೆ."

"ಒಳ್ಳೇದು ಮಾಡೋ ಹಾಗಿದ್ದರೆ ಮನೆಯಲ್ಲಿ ಕೂತು ನೋಡ್ಕೊಳ್ಳಬೇಕಿತ್ತು. ಬೆಳಿಗ್ಗೆ ಒಂದು ಲೋಟ ಸೊಪ್ಪು ಹಿಂಡಿಟ್ಟು ಬಸ್ ಹತ್ತಿದರೆ ಆಯ್ತಾ?"

ಸೊಸೆ ಗಂಡನ ಮುಖ ನೋಡಿದಳು. ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದ ಅವನು ಹಾಸಿಗೆಯೊಂದನ್ನು ಹೆಗಲಿಗೇರಿಸಿಕೊಂಡು ಹೊರಗೆ ಹೋಗಿಬಿಟ್ಟ. ಅತ್ತೆ ಒಳಗೆ ಹೋಗಿ ಗೋಡೆಗೆ ತಿರುಗಿ ಮಲಗಿದರು. ಬೈದಿದ್ದರೆ ಚೆನ್ನಾಗಿತ್ತು. ಸೊಸೆ ಮಿಕ್ಸಿಯ ಜಾರು ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ರಸ ನಿಂತಿತು. ಅತ್ತೆ ಮಾತ್ರ ಚೇತರಿಸಿಕೊಳ್ಳಲಿಲ್ಲ. ಕಾಲಿನ ಊತ ಮೊಣಕಾಲಿಗೆ ಏರಿತು. ಅನ್ನ ಕಂಡರೆ ಓಕರಿಕೆ. ದಬ್ಬಣಕ್ಕೆ ದಾರ ಪೋಣಿಸುವಾಗ ಕೈ ನಡುಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುವ ಹಾಗೆ ಸೊಸೆ ತಲೆ ತಗ್ಗಿಸಿಕೊಂಡೇ ಓಡಾಡಿದಳು. ತನ್ನ ರಸದ ವಿಷ ಇನ್ನೂ ಇಳಿದಿಲ್ಲವೆಂದೇ ಅವಳ ನಂಬಿಕೆ. ಊತ ಹೆಚ್ಚಿತೆಂದು ಮಾವ ಮಾತ್ರೆಯನ್ನೂ ಹೆಚ್ಚಿಸಿದರು. ರಾತ್ರಿಯದರ ಜೊತೆಗೆ ಬೆಳಿಗ್ಗೆಯದೂ ಒಂದು. ಬೆಳಿಗ್ಗೆ ಹಾಲು ತರಲು ಹೋಗುವ ಮುಂಚೆ ಅವರೇ ನೀರು ಕಾಯಿಸುತ್ತಿದ್ದರು. ಈಗ ಕಡ್ಡಿ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತಿತ್ತು.

ಮದುವೆ ಮನೆಯೊಂದಕ್ಕೆ ಹಾಸಿಗೆ ಕೊಡುವ ಮಾತಾಗಿತ್ತು. ಅತ್ತೆಯ ಕೈಲಾಗದ್ದರಿಂದ ರಜೆಯ ದಿನ ಸಂಜೆ ಸೊಸೆಯೇ ಅಂಗಡಿ ಕೋಣೆಯಲ್ಲಿ ಕೂತು ದಾರ ಸಿದ್ಧಮಾಡುತ್ತಿದ್ದಳು. ಅತ್ತೆ ಒಳಗೆ ಮಲಗಿದ್ದರು. ಗಂಡ ಗವಸಿನ ಬಟ್ಟೆ ತರಲು ಹೋಗಿದ್ದ. ಒಂದು ಹಳೆಯ ಶೀಟಿನಲ್ಲಿದ್ದ ಕಂದು ದಾರ ಮುಗಿಯುತ್ತ ಬಂದು, ಕೊನೆಯ ಸುತ್ತು ಬಿಚ್ಚಿದಾಗ ಬರಿಯ ತಗಡು ಕೈಯಲ್ಲುಳಿಯಿತು. ಹೊಸ ಲಡಿ ಸುತ್ತಲು ಇದೊಂದು ಸಾಲದು, ಇನ್ನೊಂದು ಬೇಕು. ಕಿಟಕಿಯ ಮೇಲೆ ಮಾವ ಬಿಟ್ಟಿದ್ದ ಊತದ ಮಾತ್ರೆಯ ಖಾಲಿ ಶೀಟು ಇತ್ತು. ತೆಗೆದುಕೊಂಡಳು.

ಎರಡನ್ನೂ ಅಕ್ಕಪಕ್ಕ ತೊಡೆಯ ಮೇಲಿಟ್ಟದ್ದು ಬೇಕೆಂದಲ್ಲ, ಕೆಲಸದ ಚಾಳಿ. ಒಂದರ ಮೇಲೆ ನೀಲಿ ಅಚ್ಚು, ಇನ್ನೊಂದರ ಮೇಲೆ ಕೆಂಪು. ದೊಡ್ಡ ಅಕ್ಷರದ ಹೆಸರು ಬೇರೆ ಬೇರೆ. ಕಣ್ಣು ತಾನಾಗಿ ಕೆಳಗಿನ ಸಣ್ಣ ಅಕ್ಷರಕ್ಕೆ ಇಳಿಯಿತು. ಒಳಗಿರುವ ಮದ್ದಿನ ಹೆಸರು. ಮುಂದಿನಿಂದ ಓದಿದಳು. ಆಮೇಲೆ ಅಚ್ಚಿನ ಮನೆಯಲ್ಲಿ ಮಾಡುವ ಹಾಗೆ ಹಿಂದಿನಿಂದ ಒಂದೊಂದೇ ಅಕ್ಷರ ಹಿಡಿದು ಓದಿದಳು. ಒಂದೇ. ತೂಕವೂ ಒಂದೇ.

ಸುಳ್ಳೇಕೆ, ಅವಳಿಗೆ ಮೊದಲು ಆದದ್ದು ಸಂತೋಷ. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಎಲ್ಲಾ ತನ್ನ ರಸದಿಂದ ಆದದ್ದಲ್ಲ! ಮೊಬೈಲ್ ಎತ್ತಿ ನಾದಿನಿಯ ನಂಬರ್ ಒತ್ತಿಯೇಬಿಟ್ಟಳು. ಓದಿದವರು ನೀವು ಅಂದೆಯಲ್ಲ, ಈಗ ಓದು ಬಾ ಎಂದು ಹೇಳಬೇಕಾದ ಮಾತೂ ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಹೊಯ್ಯುವ ಸದ್ದು ಕೇಳಿಸಿತು. ಅತ್ತೆಗೆ ಊಟ ಸೇರದ್ದರಿಂದ ಮಾವ ಇವತ್ತು ಬೇಗನೇ ಮಾತ್ರೆ ಕೊಡುವವರಿದ್ದರು.

ಅವಳು ಫೋನ್ ಕತ್ತರಿಸಿ ಎದ್ದಳು. ಮಾವ ಅಂಗೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ತುಳುಕದ ಹಾಗೆ ಹೆಜ್ಜೆ ನೋಡಿಕೊಂಡು ಬರುತ್ತಿದ್ದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮಾವ, ಹೋಲ್ಡಾನ್."

ಸೊಸೆಯ ಬಾಯಲ್ಲಿ ತಮ್ಮ ಮಾತು ಕೇಳಿ ಮಾವನಿಗೆ ನಗು ಬಂತು. ಅವಳ ಮುಖ ನೋಡಿದ ಮೇಲೆ ನಗು ನಿಂತಿತು. ಅವಳು ಎರಡೂ ಶೀಟುಗಳನ್ನು ಅವರ ಮುಂದೆ ಹಿಡಿದಳು.

"ಇದು ನೋವಿನದು. ಇದು ಊತದ್ದು. ಅದಕ್ಕೇನೀಗ?" ಎಂದರು ಮಾವ.

"ದೊಡ್ಡ ಅಕ್ಷರ ಬಿಡಿ. ಕೆಳಗೆ ಸಣ್ಣದಾಗಿ ಇದೆಯಲ್ಲ, ಅದು ಓದಿ."

ಮಾವ ಲೋಟ ಕೆಳಗಿಟ್ಟು ಕನ್ನಡಕ ಹುಡುಕಿದರು. ಕಿಟಕಿಯ ಬೆಳಕಿಗೆ ಹಿಡಿದರು. ಎಷ್ಟೋ ವರ್ಷ ಓಡುವ ಬಸ್ಸಿನಲ್ಲಿ ಕುಲುಕಾಡುತ್ತ ಚಿಲ್ಲರೆ ಎಣಿಸಿದ ಕಣ್ಣಿಗೆ ಅಕ್ಷರ ಹತ್ತಲಿಲ್ಲ. ಅವಳೇ ಬೆರಳಿಟ್ಟು ಓದಿದಳು. ಎರಡೆರಡು ಸಲ.

"ಎರಡೂ ಒಂದೇನಾ?"

"ಒಂದೇ ಮಾವ. ಹೆಸರು ಬೇರೆ, ಕಂಪನಿ ಬೇರೆ. ಒಳಗಿರೋದು ಅದೇ."

ಮಾವ ಹತ್ತಿಯ ಮೂಟೆಯ ಮೇಲೆ ಕೂತರು. ಅಂಗೈ ಇನ್ನೂ ತೆರೆದೇ ಇತ್ತು, ಮಾತ್ರೆ ಅದರಲ್ಲೇ ಇತ್ತು.

"ಬೆಳಿಗ್ಗೆಯದೂ ನಾನೇ ಶುರು ಮಾಡಿದೆ. ಊತ ಏರ್ತಾ ಇದೆ ಅಂತ."

ಸೊಸೆಗೆ ಆಗ ಬಂದಿದ್ದ ಸಂತೋಷ ಎಲ್ಲಿ ಹೋಯಿತೋ. ಅವಳು ಅವರ ಅಂಗೈಯಿಂದ ಮಾತ್ರೆ ತೆಗೆದುಕೊಂಡಳು.

"ನಿನ್ನನ್ನ ಎಲ್ಲರೂ ಅಂದರು. ನಾನು ನಿಂತು ನೋಡಿದೆ," ಎಂದರು ಮಾವ.

"ರಸದ್ದು ನನ್ನದೇ ತಪ್ಪು. ಡಾಕ್ಟರೇ ಹೇಳಿದ್ದಾರೆ. ಇದು ನಿಮ್ಮದು. ಈಗ ಏಳಿ, ಆಸ್ಪತ್ರೆಗೆ ಹೋಗೋಣ. ಅತ್ತೆಗೆ ನಾನು ಹೇಳ್ತೀನಿ."

"ಬೇಡ. ನಾನು ಕೊಟ್ಟದ್ದು, ನಾನೇ ಹೇಳ್ತೀನಿ."

ಅವರು ಒಳಗೆ ಹೋದರು. ಸೊಸೆ ಹೊಸ್ತಿಲಲ್ಲೇ ನಿಂತಳು. ಮಾವ ಸುತ್ತಿ ಬಳಸಿ ಹೇಳುವ ಮನುಷ್ಯರಲ್ಲ. ನಾನು ಇಷ್ಟು ದಿನ ನಿನಗೆ ಕೊಟ್ಟದ್ದು ಹಳೇ ಮಾತ್ರೆಯೇ ಅಂತೆ, ಬಣ್ಣ ಬೇರೆ ಅಷ್ಟೇ ಅಂತೆ ಎಂದರು. ಅತ್ತೆ ಮಂಡಿಯ ಮೇಲೆ ಕೈಯಾಡಿಸಿದರು.

"ಅದಕ್ಕೇ ಮಂಡಿ ನೋವು ಕಡಿಮೆಯಾಯ್ತಾ. ನಾನು ಸೊಪ್ಪು ಅಂದುಕೊಂಡಿದ್ದೆ."

ಅತ್ತೆ ಗಂಡನ ಕೈ ಕಡೆ ನೋಡಿದರು.

"ಒಂದು ಸಲವಾದರೂ ಆ ಶೀಟು ಕೈಗೆ ತಗೊಂಡು ನೋಡಬಾರದಿತ್ತಾ ನಾನು. ನಿಮ್ಮ ಕೈ ನೋಡಿಕೊಂಡೇ ನುಂಗಿದೆ ಕಣ್ರೀ. ಮಾತ್ರೆ ನೋಡಲೇ ಇಲ್ಲ."

ಗಂಡ ಗವಸಿನ ಬಟ್ಟೆ ಸಮೇತ ಬಂದವನು ವಿಷಯ ತಿಳಿದು, ಗಾಡಿಯಲ್ಲಿದ್ದ ಹಾಸಿಗೆಯನ್ನು ಇಳಿಸದೆ ಅದರ ಮೇಲೇ ತಾಯಿಯನ್ನು ಮಲಗಿಸಿಕೊಂಡು ಹೊರಟ. ಆಸ್ಪತ್ರೆಯ ಬೆಂಚಿನ ಮೇಲೆ ಮಾವ, ಸೊಸೆ ಇಬ್ಬರೂ ಒಂದೇ ಮೊಕದ್ದಮೆಯ ಆರೋಪಿಗಳ ಹಾಗೆ ಪಕ್ಕಪಕ್ಕ ಕೂತರು. ಡಾಕ್ಟರಮ್ಮ ಎರಡೂ ಶೀಟು ನೋಡಿ, ಬೈಯಲಿಲ್ಲ. ನೋವಿಗೂ ಊತಕ್ಕೂ ಕೊಡುವುದು ಇದೇ ಜಾತಿಯ ಮಾತ್ರೆ, ಮಂಡಿ ಊದಿದರೆ ಇಳಿಸುತ್ತದೆ. ಆದರೆ ಇವರ ಕಾಲು ಊದಿದ್ದು ಕಿಡ್ನಿ ಸೋತು ನೀರು ತುಂಬಿ, ಅದಕ್ಕೆ ಇದನ್ನು ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ ಎಂದರು. ಆಮೇಲೆ, ನಾನೂ ನೋವಿನ ಮಾತ್ರೆ ಎಂದಷ್ಟೇ ಕೇಳಿದ್ದೆ, ಮನೆಯಲ್ಲಿರುವ ಶೀಟುಗಳನ್ನೆಲ್ಲ ತನ್ನಿ ಅನ್ನಬೇಕಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅತ್ತೆಯನ್ನು ಅಲ್ಲೇ ಇಟ್ಟುಕೊಂಡರು. ಮೆಷಿನ್ನಿನ ಕೋಣೆ ಅದೇ ಸಾಲಿನಲ್ಲಿತ್ತು. ಬಾಗಿಲು ತೆರೆದಾಗಲೆಲ್ಲ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಲ ದಿನಗಳಲ್ಲಿ ಅಂಕಿ ನಿಂತಲ್ಲೇ ನಿಂತಿತು. ಆಮೇಲೆ ಇಳಿಯಿತು, ಹನಿಹನಿಯಾಗಿ. ಕೊನೆಗೂ ಆ ಬಾಗಿಲಿನೊಳಗೆ ಅತ್ತೆಯನ್ನು ಕರೆದುಕೊಂಡು ಹೋಗುವ ಪ್ರಸಂಗ ಬರಲಿಲ್ಲ. ಹೋದದ್ದೆಲ್ಲ ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರಮ್ಮ. ಹೊರಡುವ ದಿನ ಸೊಸೆ ತಡೆಯಲಾರದೆ, ಸೋತ ಕಿಡ್ನಿಗೆ ಬೇರೋ ಸೊಪ್ಪೋ ನಿಜವಾಗಲೂ ಏನೂ ಇಲ್ಲವೇ ಎಂದು ಕೇಳಿಯೇಬಿಟ್ಟಳು.

"ಇದೆ. ಬೇಡದ್ದು ಕೊಡದೆ ಇರೋದು."

ಮನೆಯಲ್ಲಿ ಗಂಡ ಒಂದು ಕೆಲಸ ಮಾಡಿಟ್ಟಿದ್ದ. ಹಳೆಯ ಬಾಗಿಲಿನ ಹಲಗೆಗೆ ಕಾಲು ಹೊಡೆದು ಸೊಂಟದೆತ್ತರದ ಮೇಜು ಮಾಡಿ, ಪಕ್ಕದಲ್ಲಿ ಎತ್ತರದ ಕುರ್ಚಿ ಹಾಕಿದ್ದ. ಹಾಸಿಗೆಯನ್ನು ಅದರ ಮೇಲಿಟ್ಟರೆ ನೆಲಕ್ಕೆ ಕೂರದೆ, ಮಂಡಿ ಮಡಚದೆ ಹೊಲಿಯಬಹುದು. ಅತ್ತೆ ಅದನ್ನು ಸುತ್ತಲೂ ತಡವಿ ನೋಡಿ, ಇದಕ್ಕೆ ನಾನು ಸಾಯೋ ಹಾಗಾಗಬೇಕಿತ್ತೇನೋ ಎಂದು ಮಗನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ನೋವಿಗೆ ಬಿಸಿನೀರಿನ ಚೀಲ ಬಂತು. ನೋವು ಪೂರ್ತಿ ಹೋಗಲಿಲ್ಲ. ಅರ್ಧ ಹೊತ್ತು ಹೊಲಿಯುವುದು, ಅರ್ಧ ಹೊತ್ತು ಮಗನಿಗೆ ಹೀಗೆ ಹೊಲಿ ಹಾಗೆ ಹೊಲಿ ಎಂದು ಹೇಳುವುದು ಎಂದಾಯಿತು. ಎರಡನೆಯದು ಅತ್ತೆಗೆ ಹೆಚ್ಚು ಒಗ್ಗಿತು.

ನಾದಿನಿ ಬಂದಳು. ಅಪ್ಪನಿಗೊಂದು ಹೊಸ ಕನ್ನಡಕ ತಂದಿದ್ದಳು. ಹಾಕಿಸಿ, ಮೂಗಿನ ಮೇಲೆ ಸರಿಮಾಡಿ, ಇನ್ನು ಮೇಲೆ ಸಣ್ಣ ಅಕ್ಷರ ಓದದೆ ಏನನ್ನೂ ಮನೆಯೊಳಗೆ ತರಕೂಡದು ಎಂದಳು. ಆಮೇಲೆ ತರಕಾರಿ ಹೆಚ್ಚುತ್ತಿದ್ದ ಸೊಸೆಯ ಹತ್ತಿರ ಹೋಗಿ ನಿಂತು, ಸೆರಗಿನ ತುದಿ ತಿರುವಿದಳು.

"ಅತ್ತಿಗೆ, ನಿಮಗೆ ಏನೂ ತಂದಿಲ್ಲ. ನಿಮ್ಮ ಕಣ್ಣು ನೆಟ್ಟಗಿದೆ."

ಕ್ಷಮೆ ಕೇಳುವುದು ಆ ಮನೆತನದ ರಕ್ತದಲ್ಲೇ ಇರಲಿಲ್ಲ. ಇಷ್ಟಾದರೂ ಬಂತಲ್ಲ ಎಂದು ಸೊಸೆ ಅವಳಿಗೊಂದು ಚಾಕು ಕೊಟ್ಟು ಬೀನ್ಸ್ ಹೆಚ್ಚಲು ಕೂರಿಸಿದಳು.

ಎಲ್ಲ ಒಂದು ಹದಕ್ಕೆ ಬಂದರೂ ಮಾವ ಮಾತ್ರ ಮೊದಲಿನ ಹಾಗಾಗಲಿಲ್ಲ. ಅಡುಗೆಮನೆಯ ಕಡೆ ತಲೆ ಹಾಕಿ ಮಲಗಲಿಲ್ಲ. ಊಟವಾದ ಕೂಡಲೇ ಜಗಲಿಗೆ ಹೋಗಿ ಬೀದಿ ನೋಡುತ್ತ ಕೂತುಬಿಡುವರು. ಕರೆದರೆ ಹೂಂ ಎನ್ನುವರು, ಸಾಕಾದರೆ ಸುಮ್ಮನೆ ಕೈ ಅಡ್ಡ ಹಿಡಿಯುವರು. ಆ ಮನೆಯಲ್ಲಿ ‘ರೈಟ್’ ಎನ್ನುವ ಸದ್ದೇ ನಿಂತುಹೋಗಿತ್ತು. ಹೆಂಡತಿಯ ಹತ್ತಿರ ಸುಳಿಯಲೂ ಹೆದರುವ ಹಾಗಿತ್ತು, ತಮ್ಮ ಕೈ ತಾಗಿದರೆ ಎಲ್ಲಿ ಮತ್ತೇನಾಗುತ್ತದೋ ಎಂದು.

ಒಂದು ದಿನ ರಾತ್ರಿಯ ಊಟವಾಗಿ ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ಎತ್ತರದ ಕುರ್ಚಿಯ ಮೇಲೆ ಸೆರಗು ಸರಿ ಮಾಡಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತು ಕಾದು, ಜಗಲಿಯ ಕಡೆ ತಿರುಗಿ ಕೂಗಿದರು.

"ರೀ, ಏನೋ ಮರೆತಿರಿ."

ಮಾವ ಒಳಗೆ ಬಂದು ಬಾಗಿಲಲ್ಲೇ ನಿಂತರು.

"ಮಾತ್ರೆ ಇಲ್ಲವಲ್ಲ ಈಗ."

"ಮಾತ್ರೆ ಇಲ್ಲ. ನೀರೂ ಇಲ್ವಾ?"

ಅತ್ತೆಯ ದನಿ ಇಳಿಯಿತು.

"ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಲೋಟ ನೀರು ತಂದುಕೊಡೋದು ಕಲಿತಿರಿ. ಅದೂ ನನ್ನ ಪಾಲಿಗೆ ಹೋಯ್ತಾ?"

ಸೊಸೆ ನಲ್ಲಿ ನಿಲ್ಲಿಸಿದಳು. ಮಾವ ಅಡುಗೆಮನೆಗೆ ಬಂದು, ಕಡ್ಡಿಪೆಟ್ಟಿಗೆ ತೆಗೆದುಕೊಂಡು ಒಲೆ ಹಚ್ಚಿದರು. ಮೊದಲ ಕಡ್ಡಿ ಆರಿತು. ಎರಡನೆಯದೂ ಆರಿತು. ನೀರು ಕಾದ ಮೇಲೆ ಎರಡು ಲೋಟಗಳ ನಡುವೆ ಹೊಯ್ದು ಆರಿಸಿ, ಸೊಸೆಯ ಮುಂದೆ ಹಿಡಿದು ಎಷ್ಟು ಎಂದು ಕಣ್ಣಲ್ಲೇ ಕೇಳಿದರು. ಅವಳು ಅರ್ಧಕ್ಕೆ ಬೆರಳಿಟ್ಟು ತೋರಿಸಿದಳು. ಮಿಕ್ಕದ್ದನ್ನು ಚೆಲ್ಲಿ, ಅರ್ಧ ಲೋಟವನ್ನು ತುಳುಕದ ಹಾಗೆ ಹಿಡಿದುಕೊಂಡು ಅವರು ಹೆಂಡತಿಯ ಹತ್ತಿರ ಹೋದರು.

ಅತ್ತೆ ನೀರನ್ನು ಒಮ್ಮೆಗೇ ಕುಡಿಯಲಿಲ್ಲ. ಇರುವುದೇ ಅರ್ಧ, ಗುಟುಕು ಗುಟುಕಾಗಿ ಕುಡಿದರು. ಲೋಟ ವಾಪಸ್ಸು ಕೊಟ್ಟರು. ಮಾವ ಅದನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ರೈಟ್," ಎಂದರು ಅತ್ತೆ.